ಹಳೆಯ ಭಾಷೆಯೋ, ಹೊಸ ಭಾಷೆಯೋ?



ಜಯನಗರ, ಬನಶಂಕರಿ, ಬಿ.ಟಿ.ಎಂ. ಬಡಾವಣೆಗಳಲ್ಲಿ ಓಡಾಡುವಾಗ ಗಣಕಯಂತ್ರ ತರಬೇತಿ ಕೇಂದ್ರಗಳ ಫಲಕಗಳನ್ನು ನೀವು ನೋಡಿಯೇ ಇರುತ್ತೀರಿ. ಒಂದು ಫಲಕ ಜಾವಾ ಕಲಿಯಿರಿ ಎನ್ನುತ್ತದೆ, ಇನ್ನೊಂದು ಪೈಥಾನ್ ಎನ್ನುತ್ತದೆ. ಮನೆಯವರು ಕಷ್ಟಪಟ್ಟು ಹೊಂದಿಸಿದ ಹಣವನ್ನು ಯಾವುದಕ್ಕೆ ಕಟ್ಟಬೇಕು? ಹಳೆಯ ಭಾಷೆ ಕಲಿತರೆ ನಾಳೆ ಕೆಲಸ ಸಿಗದೇ ಹೋದೀತೇ? ಹೊಸ ಭಾಷೆ ನಾಲ್ಕು ವರ್ಷವಾದರೂ ಬಾಳೀತೇ? ಈ ಆತಂಕ ಸಹಜವಾದದ್ದು. ವ್ಯಾಪಾರಿ ಸಂಸ್ಥೆಗಳನ್ನು ನಡೆಸುವವರಿಗೂ ಇದೇ ಪ್ರಶ್ನೆ ಎದುರಾಗುತ್ತದೆ.

ಮೊದಲು ಭಾಷೆಗಳ ವಯಸ್ಸನ್ನು ನೋಡೋಣ. ವ್ಯಾಪಾರದ ಲೆಕ್ಕಕ್ಕೆಂದೇ ಹುಟ್ಟಿದ ಕೋಬಾಲ್ ರೂಪುಗೊಳ್ಳತೊಡಗಿದ್ದು 1959ರಲ್ಲಿ. ಪೈಥಾನ್ ಹೊರಬಂದದ್ದು 1991ರಲ್ಲಿ, ಜಾವಾ 1995ರಲ್ಲಿ, ಗೋ 2009ರಲ್ಲಿ. ಕೋಬಾಲ್ ಇಂದಿಗೂ ಜಗತ್ತಿನ ಎಷ್ಟೋ ಬ್ಯಾಂಕುಗಳಲ್ಲಿ ದುಡಿಯುತ್ತಿದೆ. ಕಾರಣ ಸರಳ. ಬಡ್ಡಿ, ದಂಡ, ರಿಯಾಯಿತಿಗಳ ನೂರಾರು ನಿಯಮಗಳು ದಶಕಗಳಿಂದ ಅದರಲ್ಲಿ ಸೇರಿಕೊಂಡಿವೆ. ಅವನ್ನೆಲ್ಲ ಹೊಸ ಭಾಷೆಯಲ್ಲಿ ಮತ್ತೆ ಬರೆಯುವಾಗ ಒಂದು ನಿಯಮ ತಪ್ಪಿದರೂ ಜನರ ಹಣ ಏರುಪೇರಾಗುತ್ತದೆ.

ಹಾಗೆಂದು ಇದ್ದದ್ದನ್ನೇ ಇಟ್ಟುಕೊಂಡು ಕೂರಲೂ ಆಗದು. ಇದಕ್ಕೆ ನಮ್ಮ ಜೆ.ಪಿ. ನಗರದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. 2010ರಲ್ಲಿ ಆರಂಭವಾದ ಜೆರೋಧಾ ಎಂಬ ಷೇರು ದಲ್ಲಾಳಿ ಸಂಸ್ಥೆಯ ಕಚೇರಿ ಇರುವುದು ಅಲ್ಲಿ. ಷೇರು ಕೊಂಡವರಿಗೆ ಅಥವಾ ಮಾರಿದವರಿಗೆ ಆ ದಿನದ ವ್ಯವಹಾರದ ವಿವರವುಳ್ಳ 'ಕಾಂಟ್ರ್ಯಾಕ್ಟ್ ನೋಟ್' ಅನ್ನು 24 ಗಂಟೆಗಳೊಳಗೆ ಕೊಡಬೇಕೆಂಬುದು ನಿಯಮ. ಗ್ರಾಹಕನ ಪಾಲಿಗೆ ಅದೇ ರಸೀತಿ, ಅದೇ ಸಾಕ್ಷಿ. ಅದನ್ನು ಪಿಡಿಎಫ್ ಕಡತವಾಗಿ ಸಿದ್ಧಪಡಿಸಿ, ಡಿಜಿಟಲ್ ಸಹಿ ಹಾಕಿ, ಇಮೇಲ್ ಮೂಲಕ ಕಳುಹಿಸಲಾಗುತ್ತದೆ.

ಅವರ ಹಳೆಯ ವ್ಯವಸ್ಥೆ ಹೀಗಿತ್ತು: ಪೈಥಾನ್ ಕ್ರಮವಿಧಿಯೊಂದು ಅಂಕಿಅಂಶಗಳನ್ನು ಓದಿ ಪುಟ ಸಿದ್ಧಪಡಿಸುತ್ತಿತ್ತು. ಕ್ರೋಮ್ ಬ್ರೌಸರ್ ಆ ಪುಟವನ್ನು ಪಿಡಿಎಫ್ ಮಾಡುತ್ತಿತ್ತು. ಜಾವಾದಲ್ಲಿ ಬರೆದ ಸಾಧನ ಸಹಿ ಹಾಕುತ್ತಿತ್ತು. ವರ್ಷಗಳ ಕಾಲ ಇದು ಚೆನ್ನಾಗಿಯೇ ನಡೆಯಿತು. ಗ್ರಾಹಕರ ಸಂಖ್ಯೆ ಬೆಳೆದಂತೆ ಒಂದು ದಿನದ ಕೆಲಸಕ್ಕೆ 7ರಿಂದ 8 ಗಂಟೆ ಹಿಡಿಯತೊಡಗಿತು. ಎಲ್ಲವೂ ಒಂದೇ ದೊಡ್ಡ ಯಂತ್ರದ ಮೇಲೆ ನಡೆಯುತ್ತಿತ್ತು. ಅದು ರಾತ್ರಿ ಕೈಕೊಟ್ಟರೆ ಬೆಳಿಗ್ಗೆ ಮಾರುಕಟ್ಟೆ ತೆರೆಯುವುದರೊಳಗೆ ಕೆಲಸ ಮುಗಿಯುವ ಭರವಸೆ ಎಲ್ಲಿ?

ಅವರು ಮಾಡಿದ್ದೇನು? ಕೆಲಸವನ್ನು ಸಣ್ಣ ಸಣ್ಣ ತುಂಡುಗಳಾಗಿ ಒಡೆದು ಅನೇಕ ಯಂತ್ರಗಳಿಗೆ ಹಂಚಿದರು. ಹಂಚುವ ಕ್ರಮವಿಧಿಗಳನ್ನು ಗೋ ಭಾಷೆಯಲ್ಲಿ ಬರೆದರು. ಏಕಕಾಲಕ್ಕೆ ಅನೇಕ ಕೆಲಸಗಳನ್ನು ನಡೆಸುವುದು ಅದರಲ್ಲಿ ಸುಲಭ. ಒಂದು ಪುಟಕ್ಕಾಗಿ ಇಡೀ ಬ್ರೌಸರನ್ನೇ ನಡೆಸುವ ಪದ್ಧತಿ ಕೈಬಿಟ್ಟು, ಕೊನೆಗೆ ಟೈಪ್ಸ್ಟ್ ಎಂಬ ಹೊಸ ಅಕ್ಷರ ಜೋಡಣೆಯ ಸಾಧನಕ್ಕೆ ಬಂದರು. ಆದರೆ ಸಹಿ ಹಾಕುವ ಕೆಲಸದಲ್ಲಿ ಜಾವಾವನ್ನೇ ಉಳಿಸಿಕೊಂಡರು! ಆ ಕೆಲಸಕ್ಕೆ ಪಳಗಿದ ಗ್ರಂಥಾಲಯ ಅದರಲ್ಲಿತ್ತು. ಜಾವಾ ಕ್ರಮವಿಧಿ ಪ್ರತಿ ಬಾರಿ ಹೊಸದಾಗಿ ಆರಂಭವಾಗಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಒಂದೊಂದು ದೋಸೆಗೂ ಒಲೆ ಆರಿಸಿ ಮತ್ತೆ ಹೊತ್ತಿಸಿದರೆ ಹೇಗೋ ಹಾಗೆ. ಆದ್ದರಿಂದ ಅದನ್ನು ಸದಾ ಎಚ್ಚರವಾಗಿರುವ ಪುಟ್ಟ ಸೇವೆಯನ್ನಾಗಿ ಮಾಡಿದರು.

ಸಂಸ್ಥೆಯ ತಂತ್ರಜ್ಞರು 2024ರಲ್ಲಿ ಪ್ರಕಟಿಸಿದ ವಿವರದಂತೆ, 15 ಲಕ್ಷಕ್ಕೂ ಹೆಚ್ಚು ಪಿಡಿಎಫ್‌ಗಳ ಕೆಲಸ ಸುಮಾರು 25 ನಿಮಿಷಗಳಲ್ಲಿ ಮುಗಿಯತೊಡಗಿತು. ನೀವೇ ಭಾಗಿಸಿ ನೋಡಿ: ಸೆಕೆಂಡಿಗೆ ಸರಾಸರಿ 1,000!

ಈ ಲಾಭ ಹೊಸ ಭಾಷೆಯೊಂದರಿಂದಲೇ ಬಂತೆಂದು ಭಾವಿಸಬೇಡಿ. ಕೆಲಸ ಎಲ್ಲಿ ತಡೆಯುತ್ತಿದೆ ಎಂದು ಅಳೆದು ನೋಡಿದ್ದು, ಅದನ್ನು ಹಂಚಿದ್ದು, ಚೆನ್ನಾಗಿರುವ ಹಳೆಯದನ್ನು ಉಳಿಸಿದ್ದು, ಇವೆಲ್ಲ ಸೇರಿ ಬಂದ ಫಲ ಅದು. ಹಾಗಾಗಿ ಭಾಷೆ ಆರಿಸುವ ಮುನ್ನ ಮೂರು ಪ್ರಶ್ನೆ ಕೇಳಬೇಕು. ಈಗಿರುವುದರಲ್ಲಿ ನಿಜವಾಗಿ ಏನು ತೊಂದರೆ? ನಮ್ಮ ಕೆಲಸಕ್ಕೆ ಬೇಕಾದ ಪರೀಕ್ಷಿತ ಸಾಧನಗಳು ಯಾವ ಭಾಷೆಯಲ್ಲಿವೆ? ಹತ್ತು ವರ್ಷಗಳ ನಂತರ ಇದನ್ನು ಓದಿ ತಿದ್ದುವವರು ಸಿಗುತ್ತಾರೆಯೇ?

ಇನ್ನು ನಿಮ್ಮ ಮಾತು. ಒಂದು ಭಾಷೆಯನ್ನು ಆಳವಾಗಿ ಕಲಿಯಿರಿ. ಅದು ಜಾವಾ ಆದರೂ ಸರಿ, ಪೈಥಾನ್ ಆದರೂ ಸರಿ. ಕುಣಿಕೆ, ಪಟ್ಟಿ, ದತ್ತಸಂಚಯ, ಸಮಸ್ಯೆಯನ್ನು ಒಡೆಯುವ ಬಗೆ, ಇವು ಒಮ್ಮೆ ಕೈಗೆ ಹತ್ತಿದರೆ ಎರಡನೆಯ ಭಾಷೆಗೆ ಅಷ್ಟು ಕಾಲ ಬೇಕಾಗುವುದಿಲ್ಲ. ತರಬೇತಿ ಕೇಂದ್ರಕ್ಕೆ ಶುಲ್ಕ ಕಟ್ಟುವ ಮುನ್ನ, ಅಲ್ಲಿ ಬೇರೆಯವರು ಬರೆದ ಕ್ರಮವಿಧಿಯನ್ನು ಓದಿ ತಿದ್ದುವುದನ್ನೂ ಕಲಿಸುತ್ತಾರೆಯೇ ಎಂದು ವಿಚಾರಿಸಿ. ಕೆಲಸಕ್ಕೆ ಸೇರಿದ ಮೊದಲ ದಿನ ನಿಮ್ಮ ಮುಂದೆ ಬರುವುದು ಬಹುಪಾಲು ಅದೇ.