ಮುರಕಲ್ಲಿನ ಅಂಚಿನಲ್ಲಿ ನಡೆಯುವುದು: ಬೇಕಲ ಕೋಟೆಯ ಕಡಲ ದಾರಿ ಮತ್ತು ಗಡಿನಾಡಿನ ಓದು

(ಅಂತರ್ಜಾಲ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹ ರೂಪ. ಮಾತಿನ ಧಾಟಿಯನ್ನು ಹೆಚ್ಚು ಬದಲಿಸಿಲ್ಲ.)

ನನ್ನ ವಿಷಯ ತುಸು ಬೇರೆ ರೀತಿಯದು. ಕಾಸರಗೋಡಿನ ಬೇಕಲ ಕೋಟೆಯ ಕಡಲಂಚಿನಲ್ಲಿ ನಡೆಯುವುದು ಹೇಗೆ, ಆ ನಡಿಗೆಯಲ್ಲಿ ಏನನ್ನು ನೋಡಬೇಕು ಎಂಬುದನ್ನು ವಿವರಿಸಬೇಕೆಂದಿದ್ದೇನೆ. ಗಡಿನಾಡಿನ ಕನ್ನಡದ ಬಗ್ಗೆ ನಾವು ಕೇಳುವ ಪ್ರಶ್ನೆಗಳು ಆ ನಡಿಗೆಯಿಂದ ಸ್ವಲ್ಪ ಬದಲಾಗಬೇಕು ಎಂಬುದು ನನ್ನ ವಾದ.

ಮೊದಲು ಗೊತ್ತಿರುವ ಚರಿತ್ರೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಈಗಿನ ಕೋಟೆಯನ್ನು 17ನೇ ಶತಮಾನದ ಮಧ್ಯಭಾಗದಲ್ಲಿ ಕಟ್ಟಿಸಿದವನು ಕೆಳದಿಯ ಶಿವಪ್ಪ ನಾಯಕ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಅದು ಮೈಸೂರಿಗೆ ಸೇರಿತು, 1799ರ ನಂತರ ಕಂಪನಿ ಸರಕಾರಕ್ಕೆ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಬೇಕಲ ಎಂಬ ತಾಲೂಕೇ ಇತ್ತು. 1956ರ ನವೆಂಬರ್ 1ರಂದು ಪ್ರದೇಶ ಕೇರಳಕ್ಕೆ ಸೇರಿತು. ಮುಂದೆ 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಆಗಿನ ಮೈಸೂರು ರಾಜ್ಯಕ್ಕೆ ಸೇರಿಸಬೇಕೆಂದಿತು. ಇಲ್ಲೊಂದು ಸಂಗತಿ ಗಮನಿಸಿ: ಬೇಕಲ ಇರುವುದು ಚಂದ್ರಗಿರಿಯ ದಕ್ಷಿಣಕ್ಕೆ. ಅಂದರೆ ಆ ಶಿಫಾರಸು ಜಾರಿಯಾಗಿದ್ದರೂ ಕೆಳದಿಯವರ ಈ ಕೋಟೆ ಕೇರಳದಲ್ಲೇ ಉಳಿಯುತ್ತಿತ್ತು. ಹಾಗಾಗಿ "ಕೋಟೆ ನಮ್ಮದು" ಎನ್ನುವ ಮಾತಿನಿಂದ ಇಲ್ಲಿನ ಕನ್ನಡವನ್ನು ಅರ್ಥ ಮಾಡಿಕೊಳ್ಳಲು ಹೊರಟರೆ ಹೆಚ್ಚು ದೂರ ಹೋಗುವುದಕ್ಕಾಗುವುದಿಲ್ಲ.

ಈಗ ನಡೆಯೋಣ. ಕೋಟೆ ಸುಮಾರು 40 ಎಕರೆ ವಿಸ್ತಾರದ್ದು, ಕಡಲಿಗೆ ಚಾಚಿದ ಮುರಕಲ್ಲಿನ ದಿಬ್ಬದ ಮೇಲಿದೆ. ಬಾಗಿಲ ಬಳಿ ಆಂಜನೇಯನ ಗುಡಿ. ಅಲ್ಲಿಂದ ತಿರುವು ತಿರುವಾಗಿ ಒಳಗೆ ಬಂದರೆ ಬಯಲು, ಮೆಟ್ಟಿಲಿರುವ ಕೆರೆ, ಇಳಿಜಾರು ದಾರಿಯ ಎತ್ತರದ ಕಾವಲು ಬುರುಜು. ಹೆಚ್ಚಿನವರು ಬುರುಜು ಹತ್ತಿ, ಫೋಟೋ ತೆಗೆದು ಇಳಿದುಬಿಡುತ್ತಾರೆ. ನೀವು ಹಾಗೆ ಮಾಡಬೇಡಿ. ಗೋಡೆಯ ಒಳಬದಿ ಹಿಡಿದು ಪಡುವಣಕ್ಕೆ ನಡೆಯಿರಿ. ಗೋಡೆಯಲ್ಲಿ ಬಂದೂಕಿನ ಕಿಂಡಿಗಳಿವೆ. ಮೇಲಿನವು ದೂರದ ವೈರಿಗೆ, ಕೆಳಗಿನವು ಗೋಡೆಯ ಬುಡಕ್ಕೆ ಬಂದವನಿಗೆ. ಬಗ್ಗಿ ಒಂದೊಂದರಲ್ಲೂ ಕಣ್ಣಿಟ್ಟು ನೋಡಿದರೆ ಒಮ್ಮೆ ಕಡಲು, ಒಮ್ಮೆ ದಂಡೆ, ಒಮ್ಮೆ ಕಾಲಡಿಯ ಕಲ್ಲು ಕಾಣುತ್ತದೆ. ಕೊನೆಗೆ ಕಡಲಿನ ಪಕ್ಕದ ಬುರುಜಿಗೆ ಇಳಿಯುವ ದಾರಿ. ನಿಧಾನವಾಗಿ ನಡೆದರೆ ಎರಡು ಗಂಟೆ ಸಾಕು. ನೆರಳು ಕಡಿಮೆ, ಮುರಕಲ್ಲು ಬಿಸಿಲಿಗೆ ಚೆನ್ನಾಗಿ ಕಾಯುತ್ತದೆ. ಬೆಳಗ್ಗೆ ಅಥವಾ ಬಿಸಿಲು ಇಳಿದ ಮೇಲೆ ಹೋಗಿ, ನೀರು ಒಯ್ಯಿರಿ.

ಈ ಬುರುಜಿನ ಹತ್ತಿರ ನಿಂತಾಗ ಕಲ್ಲಿನ ವಿಷಯ ಬರುತ್ತದೆ. ಮಳೆ ಮತ್ತು ಬಿಸಿಲು ಸರದಿಯಲ್ಲಿ ಬರುವ ಬೆಚ್ಚಗಿನ ನಾಡಿನಲ್ಲಿ ಬಂಡೆ ಬಹು ದೀರ್ಘ ಕಾಲ ಕೊಳೆಯುತ್ತದೆ. ಸಿಲಿಕಾ, ಸುಣ್ಣದಂಥ ಅಂಶಗಳು ನೀರಿನ ಜೊತೆ ಹೋಗುತ್ತವೆ. ಕಬ್ಬಿಣ, ಅಲ್ಯುಮಿನಿಯಂ ಉಳಿಯುತ್ತವೆ. ಹೀಗೆ ಆಗುವುದು ಮುರಕಲ್ಲು, ತುಂಬ ತೂತುಗಳ ಕೆಂಪು ಕಲ್ಲು. ನೆಲದೊಳಗೆ ಮೆತ್ತಗಿರುತ್ತದೆ, ಕಡಿದು ಗಾಳಿಗಿಟ್ಟರೆ ಗಟ್ಟಿಯಾಗುತ್ತದೆ. ಅದರ ಕೆಳಗೆ ಇರುವುದು ಬಿಳಿ ಅಥವಾ ನಸುಗೆಂಪು ಬಣ್ಣದ, ಜಾರುವ ಮಣ್ಣು. ನಮ್ಮ ಕಡೆ ಅದಕ್ಕೆ ಶೇಡಿ ಅನ್ನುತ್ತೇವೆ.

ಧರೆ ಕುಸಿಯುವುದು ಹೇಗೆ ಅಂತ ಇದರಿಂದಲೇ ತಿಳಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಮೇಲಿನ ತೂತುಗಳಿಂದ ಇಳಿದು ಶೇಡಿಯನ್ನು ಕರಗಿಸಿ ಒಯ್ಯುತ್ತದೆ. ಅದೇ ತಿಂಗಳುಗಳಲ್ಲಿ ಕಡಲು ಜೋರಾಗಿ ಬಂದು ಬುಡವನ್ನು ಕೊರೆಯುತ್ತದೆ. ಮೇಲಿನ ಗಟ್ಟಿ ಪದರ ಮಾತ್ರ ಚಪ್ಪರದ ಹಾಗೆ ಮುಂದಕ್ಕೆ ಚಾಚಿ ನಿಂತಿರುತ್ತದೆ. ಮೇಲಿನಿಂದ ನೋಡಿದವರಿಗೆ ಅದು ಭದ್ರ ನೆಲ. ಆದ್ದರಿಂದ ಇಂಥ ಅಂಚಿನಲ್ಲಿ ನಡೆಯುವಾಗ ಮೂರು ವಿಷಯ ನೆನಪಿಡಿ: ಅಂಚಿನಿಂದ ಒಂದೆರಡು ಆಳುದ್ದ ಒಳಗೇ ನಡೆಯಿರಿ, ನೆಲದಲ್ಲಿ ಅಂಚಿಗೆ ಸಮಾನಾಂತರವಾಗಿ ಬಿರುಕು ಕಂಡರೆ ಆ ಬಿರುಕಿನಾಚೆ ಹೆಜ್ಜೆ ಇಡಬೇಡಿ, ಮಳೆಗಾಲದಲ್ಲಿ ಪಾಚಿ ಕಟ್ಟಿದ ಕಲ್ಲನ್ನು ನಂಬಬೇಡಿ. ಧರೆಯ ಬುಡದಲ್ಲಿ ನಡೆಯುವುದಿದ್ದರೆ ಇಳಿತದ ಹೊತ್ತಿಗೆ ಮಾತ್ರ.

ಈ ಪಾಠವನ್ನು ನನಗೆ ಪುಸ್ತಕ ಕಲಿಸಿದ್ದಲ್ಲ. ನನ್ನ ಅಪ್ಪ ಮುರಕಲ್ಲಿನ ಕೋರೆಯಲ್ಲಿ ಕೆಲಸ ಮಾಡಿದವರು. ಎಂ.ಎ. ಓದುವಾಗ ಒಮ್ಮೆ ಅವರ ಜೊತೆ ಕಡಲ ಕಡೆಯ ಧರೆಯ ಮೇಲೆ ನಡೆದಿದ್ದೆ. ನಾನು ಅಂಚಿಗೆ ಹೋಗಿ ನಿಂತೆ. ಅಪ್ಪ ಹಿಮ್ಮಡಿಯಿಂದ ನೆಲವನ್ನು ಎರಡು ಸಲ ಕುಟ್ಟಿ, "ಬಾ ಈಚೆ. ಮೇಲೆ ಮಾತ್ರ ಕಲ್ಲು, ಅಡಿಯಲ್ಲಿ ಶೇಡಿ" ಅಂದರು. ಆ ದಿನ ದಾರಿಯುದ್ದಕ್ಕೂ ಕಲ್ಲಿನ ಬಣ್ಣಕ್ಕೆ, ಸದ್ದಿಗೆ, ಒಡೆಯುವ ಬಗೆಗೆ ಒಂದೊಂದು ಪದ ಹೇಳುತ್ತಾ ಬಂದರು. ನನ್ನ ಕೈಯಲ್ಲಿ ನೋಟ್‌ಬುಕ್ ಇತ್ತು. ಅದರಲ್ಲಿ ನಾನು ಬರೆದುಕೊಂಡದ್ದು ಶಿವಪ್ಪ ನಾಯಕನ ಕಾಲದ ಬಗ್ಗೆ. ಅಪ್ಪ ಈಗಿಲ್ಲ. ಕೋರೆಯಲ್ಲಿ ಪಿಕ್ಕಾಸಿನ ಬದಲು ಯಂತ್ರ ಬಂದಿದೆ. ಅವರು ಹೇಳಿದ ಪದಗಳಲ್ಲಿ ನನಗೆ ನೆನಪಿರುವುದು ನಾಲ್ಕೈದು ಮಾತ್ರ.

ಇದನ್ನು ಮನೆಯ ಕತೆ ಅಂತ ಹೇಳಿದ್ದಲ್ಲ. ಪದ ಮತ್ತು ಕಲ್ಲಿನ ನಂಟಿಗೆ ಪ್ರಸಿದ್ಧ ಉದಾಹರಣೆಯೇ ಇದೆ. ಲ್ಯಾಟರೈಟ್ ಎಂಬ ಹೆಸರನ್ನು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮಲಬಾರಿನ ಅಂಗಡಿಪುರಂನಲ್ಲಿ ಈ ಕಲ್ಲನ್ನು ಕಂಡು, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ವಿವರಿಸಿದ. ಲ್ಯಾಟಿನ್‌ನಲ್ಲಿ ಲೇಟರ್ ಅಂದರೆ ಇಟ್ಟಿಗೆ. ಜನ ಇದನ್ನು ಇಟ್ಟಿಗೆಕಲ್ಲು ಅನ್ನುತ್ತಾರೆ ಎಂಬುದನ್ನೂ ಅವನು ದಾಖಲಿಸಿದ್ದಾನೆ. ಅಂದರೆ ಇವತ್ತು ಜಗತ್ತೆಲ್ಲ ಬಳಸುವ ಶಾಸ್ತ್ರೀಯ ಹೆಸರು ನಮ್ಮ ಕಡೆಯ ಕಲ್ಲು ಕಡಿಯುವವರ ಮಾತಿಗೆ ಹತ್ತಿರದ ಅನುವಾದ. ಅವನು ಕೇಳಿಸಿಕೊಂಡ, ನಾನು ಕೇಳಿಸಿಕೊಳ್ಳಲಿಲ್ಲ.

ಕೋಟೆಯಿಂದ ಬಡಗಣಕ್ಕೆ ಗುಡ್ಡಗಳ ಕಡೆ ಹೋದರೆ ಇದೇ ಕಲ್ಲಿನಲ್ಲಿ ಸುರಂಗಗಳಿವೆ. ಬಾಯಾರು, ಎಣ್ಮಕಜೆ ಕಡೆಯ ಕೃಷಿಕರು ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಮನುಷ್ಯ ನಡೆಯುವಷ್ಟು ಅಗಲಕ್ಕೆ ಕೊರೆದು, ಒಸರುವ ನೀರನ್ನು ತೋಟಕ್ಕೆ ತರುತ್ತಾರೆ. ಧರೆಯನ್ನು ಬೀಳಿಸುವ ಗುಣವೇ, ಅಂದರೆ ನೀರನ್ನು ಒಳಗೆ ಬಿಡುವ ಆ ತೂತುಗಳೇ, ಅಲ್ಲಿ ತೋಟವನ್ನು ಬದುಕಿಸುತ್ತವೆ. ಎಲ್ಲಿ ಕೊರೆಯಬಹುದು, ಎಲ್ಲಿ ಶೇಡಿ ಸಿಕ್ಕಿ ಕುಸಿಯುತ್ತದೆ ಎಂಬ ತಿಳಿವಳಿಕೆ ಇರುವುದು ಕೊರೆಯುವವರ ಮಾತಿನಲ್ಲಿ. ಆ ಮಾತು ಶುದ್ಧ ಕನ್ನಡವೂ ಅಲ್ಲ. ತುಳು, ಹವ್ಯಕ, ಮಲಯಾಳ ಎಲ್ಲ ಸೇರಿದ್ದು. ಹೊಸದುರ್ಗವನ್ನು ನೋಡಿ. ಕನ್ನಡದಲ್ಲಿ ಹೊಸದುರ್ಗ, ಮಲಯಾಳದಲ್ಲಿ ಪುದಿಯಕೋಟ್ಟ. ಅರ್ಥ ಒಂದೇ, ಊರೂ ಒಂದೇ. ಗಡಿನಾಡಿನ ಕನ್ನಡ ಬದುಕಿದ್ದು ಹೀಗೆ, ಪಕ್ಕದ ಭಾಷೆಯ ಜೊತೆ ಕೆಲಸ ಮಾಡುತ್ತಾ.

ಪ್ರಶ್ನೆ (ಸೊಲ್ಲಾಪುರದಿಂದ ಒಬ್ಬ ವಿದ್ಯಾರ್ಥಿ): ನಮ್ಮಲ್ಲಿ ಕಡಲೂ ಇಲ್ಲ, ಧರೆಯೂ ಇಲ್ರೀ. ನಾವೇನ್ ಮಾಡ್ಬೇಕು?

ಉತ್ತರ: ನಿಮ್ಮಲ್ಲಿ ಭುಯಿಕೋಟೆ ಇದೆ, ಪಕ್ಕದಲ್ಲೇ ಸಿದ್ಧರಾಮನ ಹೆಸರಿನ ಕೆರೆ ಇದೆ. ಕಲ್ಲು ಕಪ್ಪು, ನೆಲ ಎರೆ. ಆ ಕೆರೆಯ ದಂಡೆಯ ಮೇಲೆ ಒಬ್ಬ ಗೌಂಡಿಯನ್ನೋ ರೈತನನ್ನೋ ಕರೆದುಕೊಂಡು ಒಂದು ಸುತ್ತು ನಡೆಯಿರಿ. ಎರೆ ಬಿರಿಯುವುದಕ್ಕೆ, ಕಲ್ಲು ಒಡೆಯುವುದಕ್ಕೆ ಅವರು ಏನಂತಾರೆ, ಅದು ಕನ್ನಡವೋ ಮರಾಠಿಯೋ ಎಂದು ಆಮೇಲೆ ಯೋಚಿಸಿದರಾಯಿತು. ಮೊದಲು ಬರೆದುಕೊಳ್ಳಿ, ಅವರು ಇರುವಾಗಲೇ.