ಬಾಳೆ ಎಲೆ ಹಳದಿಯಾದಾಗ ಎಐ ಮಾತು ಎಷ್ಟು ನಂಬಬಹುದು?

ಕಮಲಾಪುರ ಭಾಗದಲ್ಲಿ ಈಗೊಂದು ಹೊಸ ರೂಢಿ ಶುರುವಾಗಿದೆ. ಅಪ್ಪ ತೋಟದಲ್ಲಿ ಫೋಟೊ ತೆಗೆದು ವಾಟ್ಸಾಪ್ ಮಾಡ್ತಾರೆ. ಕಲಬುರಗಿಯಲ್ಲಿ ನೌಕರಿ ಮಾಡೋ ಮಗ ಅದನ್ನು ಎಐ ಆ್ಯಪ್‌ಗೆ ಹಾಕಿ, ಬಂದ ಉತ್ತರವನ್ನು ಫೋನಿನಲ್ಲಿ ಓದಿ ಹೇಳ್ತಾನೆ: "ಅಪ್ಪಾ, ಪೊಟ್ಯಾಷ್ ಕಡಿಮಿ ಆಗ್ಯಾದಂತ. ಹಾಕಿ ನೀರ ಬಿಡ್ರಿ." ಯಾರಿಗೂ ಕಾಯಬೇಕಿಲ್ಲ, ಖರ್ಚಿಲ್ಲ, ಸ್ವಂತ ಸಲಹೆಗಾರ ಜೇಬಿನಲ್ಲೇ ಇದ್ದಂಗೆ. ಇದನ್ನು ನಂಬಬಹುದಾ ಅಂತ ಬಹಳ ಮಂದಿ ಕೇಳ್ತಿದ್ದಾರೆ.

ಹಳದಿಯಾದ ಕೆಂಪು ಬಾಳೆ ಎಲೆಯ ಒಂದೇ ಫೋಟೊ ಹಾಕಿ ನಾನು ಎರಡು ಸಲ ಕೇಳಿದೆ. "ಇದು ಪೊಟ್ಯಾಷ್ ಕೊರತೆ ಅಲ್ವಾ?" ಅಂದರೆ ಹೌದು ಅಂತು. ಹೊಸ ಚಾಟ್ ತೆರೆದು "ಇದು ಪನಾಮಾ ಸೊರಗು ರೋಗ ಅಲ್ವಾ?" ಅಂದರೆ ಅದಕ್ಕೂ ಹೌದು! ಕೇಳಿದವರ ಮಾತಿಗೆ ತಲೆಯಾಡಿಸುವ ಚಾಳಿ ಇವಕ್ಕಿದೆ. ಹಂಗಾಗಿ ನಿಮ್ಮ ಊಹೆ ಹೇಳಬೇಡಿ, ಕಂಡದ್ದನ್ನಷ್ಟೇ ಹೇಳಿ, "ಇನ್ನೇನು ನೋಡಬೇಕು?" ಅಂತ ಕೇಳಿ.

ಇಲ್ಲಿ ತಪ್ಪಾದರೆ ತೋಟಕ್ಕೇ ಕುತ್ತು. ಎರಡರಲ್ಲೂ ಹಳೆಯ ಎಲೆಯ ಅಂಚು ಮೊದಲು ಹಳದಿಯಾಗುತ್ತದೆ. ಆದರೆ ಸೊರಗು ರೋಗದಲ್ಲಿ ಎಲೆ ದೇಟಿನ ಹತ್ತಿರ ಮುರಿದು ಕಾಂಡದ ಸುತ್ತ ಜೋತು ಬೀಳುತ್ತದೆ. ಕಾಂಡ ಕತ್ತರಿಸಿದರೆ ಒಳಗೆ ಕೆಂಪು ಮಿಶ್ರಿತ ಕಂದು ಗೆರೆ ಕಾಣ್ತವೆ. ಫೋಟೊಗೆ ಕಾಂಡದ ಒಳಗು ಎಲ್ಲಿ ಕಾಣಬೇಕು? ಇದರ ಫ್ಯುಸೇರಿಯಂ ಶಿಲೀಂಧ್ರ ಮಣ್ಣು, ನೀರು, ಕಂದುಗಳ ಮೂಲಕ ಹರಡಿ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ರೋಗ ಹತ್ತಿದ ಗಿಡಕ್ಕೆ ವಾಸಿ ಮಾಡುವ ಔಷಧ ಇಲ್ಲ. ಪೊಟ್ಯಾಷ್ ಹಾಕಿ ಒಂದು ಮಡಿಯಿಂದ ಇನ್ನೊಂದಕ್ಕೆ ನೀರು ಹರಿಸಿದರೆ ರೋಗಕ್ಕೆ ನಾವೇ ದಾರಿ ಮಾಡಿಕೊಟ್ಟಂತೆ.

ತಳಿಯ ಗೊಂದಲವೂ ಉಂಟು. ನಮ್ಮ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಆದರೆ ಗೊಬ್ಬರದ ವೇಳಾಪಟ್ಟಿ ಕೇಳಿದರೆ ಸಿಕ್ಕಿದ್ದು ಜಿ-9 ತಳಿಯದು. ಜಿ-9 ವರ್ಷದೊಳಗೆ ಕಟಾವಿಗೆ ಬಂದರೆ, ಕೆಂಪು ಬಾಳೆಗೆ ಹೆಚ್ಚುಕಡಿಮೆ ಒಂದೂವರೆ ವರ್ಷ ಬೇಕು. ಸಾವಯವ ಅಂತ ಹೇಳದಿದ್ದರೆ ಕಾರ್ಬೆಂಡಾಜಿಮ್ ಹಾಕು ಅಂತಲೂ ಹೇಳೀತು. ಪ್ರಮಾಣಪತ್ರ ಇರೋರು ಹುಷಾರು.

ಹಂಗಂತ ಪೂರ್ತಿ ಬಿಡೋದೂ ಬೇಡ. ಮಣ್ಣು ಪರೀಕ್ಷೆ ವರದಿಯ ಪದಗಳನ್ನು ಬಿಡಿಸಿ ಹೇಳೋಕೆ ಚಲೋ ಅದೆ. ಪಿಎಂ-ಕಿಸಾನ್ ವಿಚಾರಿಸಲು 2023ರಲ್ಲಿ ಬಂದ ಸರ್ಕಾರದ ಕಿಸಾನ್ ಇ-ಮಿತ್ರ ಇದೆ. ಔಷಧದ ಹೆಸರು, ಪ್ರಮಾಣ ಬಂತೆಂದರೆ ಮಾತ್ರ ಅಲ್ಲಿಗೇ ನಿಲ್ಲಿಸಿ, 1800-180-1551ಕ್ಕೆ ಕಿಸಾನ್ ಕಾಲ್ ಸೆಂಟರ್‌ಗೆ ಫೋನ್ ಮಾಡಿ.

ಸೊರಗಿನ ಅನುಮಾನ ಇದ್ದರೆ ಆ ಗಿಡದ ಕಂದು ಯಾರಿಗೂ ಕೊಡಬೇಡಿ. ಅದರ ಮಡಿಗೆ ನೀರು ನಿಲ್ಲಿಸಿ, ಕಾಂಡದ ತುಂಡನ್ನು ಕಾಗದದಲ್ಲಿ ಸುತ್ತಿ ಚೀಲದಲ್ಲಿ ಹಾಕಿ ಕಲಬುರಗಿ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಕತ್ತರಿಸಿದ ಕುಡುಗೋಲನ್ನು ತೊಳೆಯದೆ ಇನ್ನೊಂದು ಗಿಡಕ್ಕೆ ತಾಗಿಸಬೇಡಿ.