ಮನೆಯ ಸಂಗೀತಕ್ಕೆ ಪವರ್ ಕಂಡೀಷನರು

ಮೊಸರಿಗೆ ಹೆಸರಾದ ಕೊಲ್ಹಾರಕ್ಕೆ ಕೂಡಗಿಯ 2400 ಮೆಗಾವಾಟ್ ಸ್ಥಾವರವು ದೂರವಲ್ಲ. ಆಲಮಟ್ಟಿಯ 290 ಮೆಗಾವಾಟಿನ ಜಲವಿದ್ಯುದಾಗಾರವೂ ನೆರೆಯಲ್ಲಿಯೇ ಉಂಟು. ಆದರೆ ಮನೆಯ ಪ್ಲಗ್ಗಿಗೆ ಬರುವ ವಿದ್ಯುತ್ತಿನ ಗುಣವು ಈ ಸಾಮೀಪ್ಯದಿಂದಲ್ಲ, ಬೀದಿಯ ತಂತಿ ಹಾಗೂ ಟ್ರಾನ್ಸ್‌ಫಾರ್ಮರಿನ ಮೇಲಣ ಭಾರದಿಂದ ನಿರ್ಣಯವಾಗುತ್ತದೆ. ಆದುದರಿಂದ ಸಂಗೀತಪ್ರಿಯರಾದ ಗೃಹಸ್ಥರು ಕಂಡೀಷನರನ್ನು ಕೊಳ್ಳುವ ಮುನ್ನ ದೋಷವಾವುದೆಂಬುದನ್ನು ಅರಿಯತಕ್ಕದ್ದು.

ಬರತಕ್ಕುದು 230 ವೋಲ್ಟು. ಮುಂಜಾನೆಯೂ ಸಂಜೆಯೂ ಅಳೆಯಿಸಿದಾಗ ಅದು ಬಹಳ ಏರಿಳಿದರೆ ಸ್ಟೆಬಿಲೈಸರು ಬೇಕು. ಬರಿಯ ಶೋಧಕವುಳ್ಳ ಕಂಡೀಷನರು ತಗ್ಗಿದ ವೋಲ್ಟೇಜನ್ನು ಎತ್ತಲಾರದು. ಮಿಕ್ಸರು ತಿರುಗಿದಾಗ ಮಾತ್ರ ಸ್ಪೀಕರಿನಲ್ಲಿ ಕರಕರ ಶಬ್ದ ಕೇಳಿದರೆ ಶೋಧಕವು ಉಪಯುಕ್ತವಾದೀತು. ಎಡೆಬಿಡದ ಗುಂಯ್‌ಕಾರವು ಟಿ.ವಿ. ಕೇಬಲನ್ನು ಕಳಚಿದೊಡನೆ ನಿಂತರೋ, ಅದು ಅರ್ಥಿಂಗಿನ ತೊಡಕು; ಕೇಬಲಿಗೆ ಐಸೊಲೇಟರನ್ನು ಹಾಕಿಸಿದರೆ ಸಾಕು, ಬೆಲೆಯುಳ್ಳ ಪೆಟ್ಟಿಗೆ ಬೇಡ.

ಅರ್ಥಿಂಗಿನ ಪಿನ್ನನ್ನೇ ಮುರಿದು ಶಬ್ದವನ್ನಡಗಿಸುವ ಜಾಣರೂ ಉಂಟು. ಒಳಗಿನ ತಂತಿಯೊಂದು ಕಳಚಿ ತಗುಲಿದರೆ ಆಂಪ್ಲಿಫೈಯರಿನ ಲೋಹದ ಮೈಯೆಲ್ಲ 230 ವೋಲ್ಟಾಗುತ್ತದೆ. ಮುಟ್ಟುವ ಕೈ ಮಗುವಿನದೂ ಆಗಿರಬಹುದು.